ರಟ್ಟಿನ ಕಾರ್ಡು

ನಮ್ಮ ಮನೆಯ ಒಳಕೋಣೆಯಲ್ಲಿ ತಮ್ಮನ ಕಂಪ್ಯೂಟರ್ ಇದೆ. ಅದರ ಪೆಟ್ಟಿಗೆಯ ಒಂದು ಮಗ್ಗುಲು ಪೂರ್ತಿ ಗಾಜು. ಆ ಗಾಜಿನ ಒಳಗೆ ಒಂದು ವರ್ಷಕ್ಕೂ ಮೇಲೆ ಒಂದು ರಟ್ಟಿನ ತುಂಡು ಅಡ್ಡಲಾಗಿ ಕೂತಿತ್ತು. ಅದರ ಮೇಲೆ ಕಪ್ಪು ಪೆನ್ನಿನಲ್ಲಿ ಬರೆದ ಮೂರು ದೊಡ್ಡ ಸೊನ್ನೆಗಳು. ಕೋಣೆ ಗುಡಿಸಲು ಹೋದಾಗೆಲ್ಲ ಆ ಮೂರು ಸೊನ್ನೆಗಳು ನನ್ನನ್ನೇ ನೋಡುತ್ತಿದ್ದವು. ಕೊನೆಗೆ ನಾನು ಅದಕ್ಕೆ ಬೆನ್ನು ಹಾಕಿಕೊಂಡೇ ಗುಡಿಸುವುದನ್ನು ರೂಢಿ ಮಾಡಿಕೊಂಡೆ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಅವ್ವ ತೀರಿಕೊಂಡಾಗ ತಮ್ಮನಿಗೆ ಮೂರು ವರ್ಷ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ನಾನು. ಅಪ್ಪನೂ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಎರಡು ಎಕರೆ ಕಾಫಿ ಇದೆ, ನಾನು ನೋಡಿಕೊಳ್ಳುತ್ತೇನೆ. ಅವನು ಹಾಸನದಲ್ಲಿ ಐಟಿಐ ಓದಿ, ಸುತ್ತಲಿನ ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಮಿಷನ್ನಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುವ ಕೈಗುಣ ಅವನದು. ಸಂಜೆ ಕೈಯ ಎಣ್ಣೆ ತೊಳೆದುಕೊಂಡು ಬಂದರೆ ಕಂಪ್ಯೂಟರಿನಲ್ಲಿ ಆಟ. ಅವನಿಗೆ ಕುಡಿತ ಇರಲಿಲ್ಲ, ಇಸ್ಪೀಟು ಇರಲಿಲ್ಲ. ಇದ್ದದ್ದು ಇದೊಂದೇ.

ಆಟದಲ್ಲಿ ಚಿತ್ರ ಬಿಡಿಸುವುದು ಕಂಪ್ಯೂಟರಿನ ಒಳಗಿರುವ ಒಂದು ಕಾರ್ಡು. ಗ್ರಾಫಿಕ್ಸ್ ಕಾರ್ಡು ಎನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ ಅದರ ಹೊಸ ತಲೆಮಾರು ಬರುತ್ತದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವನು ಅವನೇ.

"ಪಲ್ಪರ್ ಇದ್ದಂಗೆ ಅಕ್ಕ. ಹಳೇ ಪಲ್ಪರ್‌ಗೆ ಹಣ್ಣು ಜಾಸ್ತಿ ಸುರಿದ್ರೆ ಕಚ್ಕಳಲ್ವಾ? ಹಂಗೇ ನನ್ ಹಳೇ ಕಾರ್ಡು. ಕಾಡು ಬಂದ ತಕ್ಷಣ ಕಚ್ಕತದೆ."

"ಯಾವ ಕಾಡು?"

"ಆಟದಲ್ಲಿ ಒಂದು ಕಾಡೈತೆ. ಹೊಸ ಕಾರ್ಡಲ್ಲಿ ಎಲೆ ಸಂದೀಲಿ ಬಿಸ್ಲು ಬೀಳೋದು ನಿಜವಾದ ಬಿಸ್ಲಂಗೇ ಕಾಣ್ತದಂತೆ."

"ಬಿಸ್ಲು ಬೇಕಾದ್ರೆ ಕಣಕ್ಕೆ ಬಾ. ಕಾಫಿ ಹರವೋದೈತೆ. ಅಲ್ಲಿ ಪುಕ್ಕಟೆ ಬೀಳ್ತದೆ."

ಅವನು ನಕ್ಕ. ನಗುವಾಗ ಅವನು ಬಲಗೈಯಲ್ಲಿ ತಲೆಯ ಹಿಂಭಾಗ ಕೆರೆದುಕೊಳ್ಳುತ್ತಿದ್ದ. ಈಗ ಆ ಅಭ್ಯಾಸ ಇಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ತಲೆಮಾರಿನ ಕಾರ್ಡು ಬರುತ್ತದೆ ಎಂಬ ಸುದ್ದಿ ಶುರುವಾಗಿತ್ತು. ಅವನು ಹಳೆಯ ಕಾರ್ಡನ್ನು ಬಿಚ್ಚಿ ಹಾಸನದ ಗೆಳೆಯನಿಗೆ ಕೊಟ್ಟುಬಿಟ್ಟ. ಹೊಸದು ಬರುವವರೆಗೆ ಆಟವಿಲ್ಲ. ಕಾಯುವಾಗ ಹಸಿದುಕೊಂಡೇ ಕಾಯಬೇಕು ಎಂದು ಅವನ ವಾದ. ಸಂಜೆಯೆಲ್ಲ ಆ ಸುದ್ದಿಗಳನ್ನೇ ನೋಡುತ್ತಾ ಕೂರುತ್ತಿದ್ದ. ಯಾರೋ ಫ್ಯಾಕ್ಟರಿಯಿಂದ ಕದ್ದು ತೆಗೆದ ಫೋಟೋ ಎನ್ನುತ್ತಿದ್ದ, ಉದ್ದ ಇಷ್ಟಂತೆ, ಫ್ಯಾನು ಮೂರಂತೆ, ಅಲ್ಲ ಎರಡೇ ಅಂತೆ. ಗರ್ಭಿಣಿ ಇರುವ ಮನೆಯಲ್ಲಿ ಹುಟ್ಟುವ ಮಗುವಿನ ಬಗ್ಗೆ ಮಾತಾಡಿಕೊಂಡ ಹಾಗೆ ನಮ್ಮ ಮನೆಯಲ್ಲಿ ಆ ಕಾರ್ಡಿನ ಮಾತು.

ಹೊಸದು ತನ್ನ ಪೆಟ್ಟಿಗೆಯಲ್ಲಿ ಹಿಡಿಯುತ್ತದೋ ಇಲ್ಲವೋ ಎಂದು ನೋಡಲು ಪಂಪ್‌ಸೆಟ್ಟಿನ ರಟ್ಟಿನ ಡಬ್ಬ ಕತ್ತರಿಸಿ ಅದೇ ಅಳತೆಯಲ್ಲಿ ಒಂದು ಕಾರ್ಡು ಮಾಡಿದ. ಒಂದು ಗೇಣು, ಮೇಲೆ ನಾಲ್ಕು ಬೆರಳು. ಫ್ಯಾನು ಇರುವ ಕಡೆ ಸೊನ್ನೆ ಬರೆದ. ಸುದ್ದಿ ಬದಲಾದ ಹಾಗೆ ರಟ್ಟೂ ಬದಲಾಯಿತು. ಮೊದಲ ಎರಡು ರಟ್ಟುಗಳನ್ನು ನಾನು ಒಲೆ ಹಚ್ಚಲು ಬಳಸಿದೆ. ಮೂರನೆಯದು ಉಳಿಯಿತು. ಹೊಸ ಕಾರ್ಡು ಎಷ್ಟು ಭಾರವೆಂದರೆ ಒಂದು ತುದಿ ಜೋತುಬೀಳುತ್ತದಂತೆ. ಅದಕ್ಕೆ ಆಸರೆ ಕೊಡಲು ಸತ್ತ ಕಾಫಿ ಗಿಡದ ಕೊಂಬೆಯನ್ನು ಕೆತ್ತಿ, ಉಜ್ಜಿ, ಬೆರಳುದ್ದದ ಒಂದು ಗೂಟ ಮಾಡಿಟ್ಟ. ಕಾಫಿ ಮರ ಗಟ್ಟಿ, ನುಣುಪು. ಆ ಗೂಟವನ್ನು ಅವನು ಅಂಗೈಯಲ್ಲಿ ಉರುಳಿಸುತ್ತಾ ಕೂತಿದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ.

ಜನವರಿಯಲ್ಲಿ ಅಮೆರಿಕದಲ್ಲಿ ಕಾರ್ಡನ್ನು ಜನರಿಗೆ ತೋರಿಸಿದರು. ನಮಗೆ ಅದು ಬೆಳಗಿನ ಹೊತ್ತು. ಅವನು ರೊಟ್ಟಿ ತಟ್ಟೆ ಹಿಡಿದುಕೊಂಡೇ ಅದನ್ನು ನೋಡಿದ. ಮೂರು ಸೊನ್ನೆ ಇರಲಿಲ್ಲ, ಎರಡೇ ಇದ್ದವು. "ಹೋಗ್ಲಿ ಬಿಡಕ್ಕ, ಮಗ ಅಂದ್ಕಂಡ್ರೆ ಮಗಳು," ಎಂದ. ಆದರೆ ಬೇರೆ ಕಂಪನಿಗಳು ಅದನ್ನೇ ಮೂರು ಫ್ಯಾನು ಹಾಕಿ ಮಾಡುತ್ತವೆ ಎಂದು ಗೊತ್ತಾದ ಮೇಲೆ ರಟ್ಟನ್ನು ಹಾಗೇ ಬಿಟ್ಟ. ಮಾರಾಟಕ್ಕೆ ಬಿಟ್ಟ ದಿನ ಹತ್ತೇ ನಿಮಿಷದಲ್ಲಿ ಖಾಲಿ. ಮುಂದಿನ ವಾರವೂ ಖಾಲಿ. ಅಂತೂ ಫೆಬ್ರವರಿ ಕಳೆಯುವಾಗ ಒಂದು ಸಿಕ್ಕಿತು. ಕೊರಿಯರಿನವರು ನಮ್ಮೂರಿಗೆ ಬರುವುದಿಲ್ಲ. ಬಾಳ್ಳುಪೇಟೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ, ನಾವು ಹೋಗಿ ತರಬೇಕು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಈಗ ನಮ್ಮಲ್ಲಿ ಮನೆಯಿಂದ ಹೊರಡುವವರು ಹೋಗಿ ಬರುತ್ತೇನೆ ಎನ್ನುವುದಿಲ್ಲ. "ಎಲ್ಲೈತೆ?" ಎನ್ನುತ್ತಾರೆ. ಏನು ಎಂದು ಯಾರೂ ಬಿಡಿಸಿ ಕೇಳುವುದಿಲ್ಲ. ಆನೆ. ಅದರ ಹಿಂದೆ ತಿರುಗುವ ಅರಣ್ಯ ಇಲಾಖೆಯವರು, ಇಂದು ಅದು ಯಾರ ತೋಟದಲ್ಲಿದೆ, ಯಾವ ರಸ್ತೆಯ ಕಡೆ ಮುಖ ಮಾಡಿದೆ ಎಂದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಮನೆಯಲ್ಲಿ ಇರುವವರು ಅದನ್ನು ನೋಡಿ ಹೊರಡುವವರಿಗೆ ಹೇಳಬೇಕು. ಹೇಳಿದ ಮೇಲೆ ಹೊರಡುವವರು ಮತ್ತೆ ನೋಡುವುದಿಲ್ಲ. ಅಕ್ಕಿ ತೊಳೆದಿದೆಯೇ ಎಂದು ಯಾರಾದರೂ ಎರಡು ಸಲ ನೋಡುತ್ತಾರೆಯೇ? ಹಾಗೆ.

ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ನನ್ನ ಸಿಮ್ಮಿಗೆ ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ. ಫೋನನ್ನು ಅಲ್ಲಿನ ಮೋಟುಗೋಡೆಯ ಮೇಲೆ ಇಟ್ಟಿರುತ್ತೇನೆ. ಅವನ ಸಿಮ್ಮಿಗೆ ಮನೆಯ ಹತ್ತಿರ ಏನೂ ಸಿಗುವುದಿಲ್ಲ, ವೈಫೈ ಇದ್ದರೆ ಮಾತ್ರ. ಕರೆಂಟ್ ಹೋದರೆ ವೈಫೈಯೂ ಹೋಯಿತು.

ಮಾರ್ಚಿನ ಆ ಬೆಳಗ್ಗೆ ಕರೆಂಟ್ ಇರಲಿಲ್ಲ. ಹಿಂದಿನ ದಿನ ಮೋಡ ಕಟ್ಟಿತ್ತು. ರಾಶಿ ಮಾಡಿ ಟಾರ್ಪಲ್ ಹೊದಿಸಿದ್ದ ರೋಬಸ್ಟಾ ಕಾಫಿಯನ್ನು ಬಿಸಿಲು ಬಿದ್ದ ತಕ್ಷಣ ಹರವಬೇಕಿತ್ತು. ಒಬ್ಬಳಿಗೆ ಆಗುವ ಕೆಲಸವಲ್ಲ. ಆದರೆ ಅಂಗಡಿಯವರು ಪಾರ್ಸಲ್ ಬಂದಿದೆ ಎಂದು ಹಿಂದಿನ ಸಂಜೆಯೇ ಫೋನು ಮಾಡಿದ್ದರು. ಅವನು ಎದ್ದು, ಸ್ನಾನ ಮಾಡಿ, ಹಬ್ಬಕ್ಕೆ ಹಾಕುವ ಅಂಗಿ ಹಾಕಿಕೊಂಡಿದ್ದ.

"ಹರವಿಟ್ಟು ಹೋಗೋ," ಎಂದೆ.

"ಬಂದ್ ಹರವ್ತೀನಿ ಅಕ್ಕ. ಒಂದ್ ಗಂಟೆ ಕೆಲ್ಸ."

"ಹೆಣ್ ನೋಡಕ್ಕೆ ಹೊಂಟಂಗೆ ಅಂಗಿ ಹಾಕ್ಕಂಡಿದೀಯ."

"ಹೆಣ್ಣು ಬೇಡ ಅಂದ್ರೂ ಸಿಕ್ತದೆ ಮಾರಾಯ್ತಿ, ಇದು ಸಿಗಲ್ಲ."

ನನಗೆ ಸಿಟ್ಟು ಬಂದಿತ್ತು. ಆರು ತಿಂಗಳಿನಿಂದ ಆ ಕಾರ್ಡಿನ ಮಾತು ಕೇಳಿ ಕೇಳಿ ಸಾಕಾಗಿತ್ತು. ನಾನು ಮರದ ಹಲಗೆ ಹಿಡಿದು ಕಾಫಿ ಎಳೆಯತೊಡಗಿದೆ. ಆಗ ಮೋಟುಗೋಡೆಯ ಮೇಲೆ ಫೋನು ಟಿಂಗ್ ಎಂದಿತು. ಕೇಳಿಸಿತು. ಇಪ್ಪತ್ತು ಹೆಜ್ಜೆ ದೂರ. ನಾನು ನಿಧಾನವಾಗಿ ಓದುವವಳು, ಅಕ್ಷರ ಕೂಡಿಸಿಕೊಂಡು. ಹಲಗೆ ಕೆಳಗಿಟ್ಟು, ಕೈ ಒರೆಸಿಕೊಂಡು, ಅಲ್ಲಿಗೆ ನಡೆದು, ಓದಿ, ಮತ್ತೆ ಬಂದು ಹಲಗೆ ಹಿಡಿಯಬೇಕು. ಹತ್ತು ದಿನದಿಂದ ಆನೆ ವನಗೂರಿನ ಕಡೆ ಇದೆ ಎಂದೇ ಬರುತ್ತಿತ್ತು. ಅಲ್ಲಿಂದ ಇಲ್ಲಿಗೆ ಬಹಳ ದೂರ.

ಅವನು ಗೇಟಿನ ಹತ್ತಿರ ಬೈಕು ಸ್ಟಾರ್ಟ್ ಮಾಡಿಕೊಂಡು ಕೂಗಿದ. "ಅಕ್ಕಾ, ಎಲ್ಲೈತೆ?"

"ಎಲ್ಲೂ ಇಲ್ಲ, ಹೋಗು," ಎಂದೆ.

ತಲೆ ಎತ್ತಿ ಕೂಡ ನೋಡಲಿಲ್ಲ. ಬೈಕಿನ ಸದ್ದು ಇಳಿಜಾರಿನಲ್ಲಿ ಇಳಿದು ಹೋಯಿತು.

ಅರ್ಧ ಕಣ ಹರವಿದ ಮೇಲೆ ನೀರು ಕುಡಿಯಲು ಹೋದಾಗ ಫೋನು ತೆಗೆದುಕೊಂಡೆ. ಒಂಟಿ ಸಲಗ ಹಳ್ಳದ ಸೇತುವೆ ಪಕ್ಕದ ತೋಟದಲ್ಲಿದೆ, ರಸ್ತೆ ದಾಟುವ ಸಾಧ್ಯತೆ ಇದೆ, ಬೈಕಿನವರು ಈ ಕಡೆ ಬರಬೇಡಿ ಎಂದಿತ್ತು. ಎರಡು ಸಲ ಓದಿದೆ. ನಾನು ತಪ್ಪು ಓದುತ್ತಿರಬೇಕು ಎಂದುಕೊಂಡು ಮೂರನೆಯ ಸಲ ತುಟಿ ಆಡಿಸಿಕೊಂಡು ಓದಿದೆ. ಅವನಿಗೆ ಫೋನು ಮಾಡಿದೆ, ತಾಗಲಿಲ್ಲ. ಗೇಟಿನವರೆಗೆ ಓಡಿ ನಿಂತು ಕಿವಿ ಕೊಟ್ಟೆ. ಬೈಕಿನ ಸದ್ದು ಇರಲಿಲ್ಲ. ಯಾವ ಸದ್ದೂ ಇರಲಿಲ್ಲ. ಆ ನಿಶ್ಶಬ್ದ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಸೇತುವೆಯ ತಿರುವಿನಲ್ಲಿ ಅದು ರಸ್ತೆಯ ನಡುವೆ ನಿಂತಿತ್ತಂತೆ. ಇವನು ಬ್ರೇಕ್ ಹಾಕಿ ಜಾರಿ ಬಿದ್ದ. ಅದು ಇವನನ್ನು ಮುಟ್ಟಲಿಲ್ಲ. ಬೈಕನ್ನು ಒಂದೇ ಸಲ ಒದ್ದು ದಾಟಿ ಹೋಯಿತು. ಬೈಕಿನ ಕೆಳಗೆ ಅವನ ಬಲಗೈ ಇತ್ತು. ಹಿಂದಿನಿಂದ ಬಂದ ಜೀಪಿನವರು ಅವನನ್ನು ಎತ್ತಿಕೊಂಡು ಹೋದರು.

ಹಾಸನದ ಆಸ್ಪತ್ರೆಯಲ್ಲಿ ಕೈ ಉಳಿಸಿದರು. ಹೆಬ್ಬೆರಳೂ ಕಿರುಬೆರಳೂ ಮಾತು ಕೇಳುತ್ತವೆ. ನಡುವಿನ ಮೂರು ಬೆರಳು ಮಡಚಲು ಬರುವುದಿಲ್ಲ. ನೋಡಲು ಬಂದ ಊರಿನವರು ಜೀವ ಉಳಿಯಿತಲ್ಲ ಎಂದರು. ಅದು ನಿಜ. ನಾನು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆ. ಅವನಿಗೆ ಪೂರ್ತಿ ಎಚ್ಚರವಾದ ಮೇಲೆ ನನ್ನ ಕಡೆ ತಿರುಗಿ ಕೇಳಿದ.

"ಅಕ್ಕ, ಮೆಸೇಜು ತಡವಾಗಿ ಬಂತಾ?"

ಬೆಟ್ಟದ ಕಡೆ ಹಾಗೆ ಆಗುತ್ತದೆ. ಏಳು ಗಂಟೆಗೆ ಕಳಿಸಿದ್ದು ಎಂಟಕ್ಕೆ ಬರುತ್ತದೆ. ಅವನು ನನಗೆ ತಪ್ಪಿಸಿಕೊಳ್ಳಲು ಬಾಗಿಲು ತೆರೆದುಕೊಟ್ಟ, ತೆರೆದದ್ದು ಅವನಿಗೆ ಗೊತ್ತಿರಲಿಲ್ಲ.

"ಹೂಂ," ಎಂದೆ. "ನೀ ಹೋದ್ಮೇಲೆ ಬಂತು."

ಪಕ್ಕದಲ್ಲಿ ನಿಂತಿದ್ದ ನೆರೆಮನೆಯವರು ನೆಟ್‌ವರ್ಕಿನವರ ಮನೆ ಹಾಳಾಗಲಿ ಎಂದು ಬೈದರು. ನಾನು ಹೊರಗೆ ಬಂದು, ಬೆಂಚಿನ ಮೇಲೆ ಕೂತು, ಆ ಮೆಸೇಜನ್ನು ಒತ್ತಿ ಹಿಡಿದು ಅಳಿಸಿದೆ. ಅಳಿಸುವುದು ಹೇಗೆ ಎಂದು ಅವನೇ ಹಿಂದೊಮ್ಮೆ ಹೇಳಿಕೊಟ್ಟಿದ್ದ.

ಪಾರ್ಸಲ್ಲು ಹದಿನೈದು ದಿನ ಅಂಗಡಿಯಲ್ಲೇ ಇತ್ತು. ಅವನನ್ನು ಮನೆಗೆ ಕರೆತಂದ ಮೇಲೆ ನಾನೇ ಬಸ್ಸಿನಲ್ಲಿ ಹೋಗಿ ತಂದೆ. ಅಂಗಡಿಯವರು ಎತ್ತಿ ಕೊಡುವಾಗ, "ಏನಮ್ಮ ಇಷ್ಟು ಭಾರ?" ಎಂದರು.

"ಕಾರ್ಡು."

"ರೇಷನ್ ಕಾರ್ಡ್ ಇಷ್ಟು ದಪ್ಪ ಕೊಡಂಗಾದ್ರಾ?" ಎಂದು ನಕ್ಕರು. ಆಮೇಲೆ ನಾನು ಯಾರು ಎಂದು ಹೊಳೆದಿರಬೇಕು, ಡಬ್ಬವನ್ನು ಚೀಲಕ್ಕೆ ಹಾಕಿ ಬಾಗಿಲವರೆಗೆ ತಂದುಕೊಟ್ಟರು.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಸೇತುವೆ ಬಂದಾಗ ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣಿನೊಳಗೂ ತಿರುವು ಬಂತು.

ಅವನು ಡಬ್ಬವನ್ನು ತೆರೆಯಲಿಲ್ಲ. ಎಡಗೈಯಲ್ಲಿ ಒಮ್ಮೆ ಸವರಿ, "ಅಲ್ಲಿಡಕ್ಕ," ಎಂದು ಕಪಾಟಿನ ಮೇಲೆ ತೋರಿಸಿದ. "ಎಡಗೈ ಕಲೀಲಿ. ಆಮೇಲೆ ತೆಗೆಯನ." ಪೆಟ್ಟಿಗೆಯ ಒಳಗೆ ರಟ್ಟು ಹಾಗೇ ಇತ್ತು. ಮೇಲೆ ನಿಜವಾದದ್ದು, ಕೆಳಗೆ ರಟ್ಟಿನದು. ದಿನಾ ಸಂಜೆ ಅವನು ಮೌಸನ್ನು ಎಡಗಡೆಗೆ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದ, ನಾನು ಏಳನೇ ತರಗತಿಯಲ್ಲಿ ಕಾಪಿ ಬರೆದ ಹಾಗೆ. ಪಲ್ಪರ್ ರಿಪೇರಿಗೆ ಕರೆಯುವವರು ಕಡಿಮೆಯಾದರು. ಅವನು ಈಗ ಜೊತೆಗೆ ಒಬ್ಬನನ್ನು ಕರೆದುಕೊಂಡು ಹೋಗಿ, ತಾನು ಸದ್ದು ಕೇಳಿ ಹೇಳುತ್ತಾನೆ, ಜೊತೆಯವನು ಬಿಚ್ಚುತ್ತಾನೆ.

ಮನೆಗೆ ಬಂದ ಎರಡನೆಯ ತಿಂಗಳು ಅವನು ಮಾಡಿದ ಮೊದಲ ಕೆಲಸ ಏನು ಎಂಬುದನ್ನು ಬರೆಯಲು ನನಗೆ ಕಷ್ಟ. ಎಲ್ಲಿಂದಲೋ ಬ್ಯಾಟರಿ ತಂದು, ವೈಫೈ ಪೆಟ್ಟಿಗೆಗೆ ಜೋಡಿಸಿ, ಕಣದ ಅಂಚಿನಲ್ಲಿ ಒಂದು ಕಂಬ ನೆಟ್ಟು, ಮಳೆ ತಾಗದಂತೆ ಡಬ್ಬದೊಳಗೆ ಕೂರಿಸಿದ. ಒಂದೇ ಕೈಯಲ್ಲಿ. ತಂತಿಯನ್ನು ಹಲ್ಲಿನಲ್ಲಿ ಸುಲಿದ. ನಾನು ಏಣಿ ಹಿಡಿದುಕೊಂಡು ನಿಂತಿದ್ದೆ.

"ಇನ್ ಕರೆಂಟ್ ಹೋದ್ರೂ ಮೆಸೇಜು ತಡ ಆಗಲ್ಲ," ಎಂದ ಮೇಲಿನಿಂದ. "ನೀನು ಸುಮ್ನೆ ಒಳಗೊಳಗೆ ಕೊರಗ್ತಾ ಇದೀಯ. ನಿಂದೇನು ತಪ್ಪೈತೆ ಅದ್ರಲ್ಲಿ?"

ಏಣಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಆಗಲೇ ಹೇಳಬಹುದಿತ್ತು. ಅವನು ಇಳಿಯಲಿ, ಕಾಫಿ ಕುಡಿಯಲಿ, ಆಮೇಲೆ ಎಂದುಕೊಂಡೆ. ಹೀಗೆ ಎಂಟು ತಿಂಗಳು ಕಳೆದೆ.

ಅಂದಿನಿಂದ ಮೆಸೇಜುಗಳು ಸರಿಯಾದ ಹೊತ್ತಿಗೆ ಬಂದವು. ಟಿಂಗ್ ಎಂದ ತಕ್ಷಣ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಿದ್ದೆ. ಮೆಸೇಜು ಇಲ್ಲದಾಗಲೂ ಸದ್ದು ಕೇಳಿಸತೊಡಗಿತು. ಪಾತ್ರೆಗೆ ಚಮಚ ತಾಗಿದರೆ ಅದೇ. ತೋಟದಲ್ಲಿ ಯಾವುದೋ ಹಕ್ಕಿ ಕೂಗಿದರೆ ಅದೇ. ಒಮ್ಮೆ ಅನ್ನಕ್ಕೆ ಕೂತವಳು ಎದ್ದು ಕಣಕ್ಕೆ ಓಡಿ ಬಂದೆ. ತಮ್ಮ ತಟ್ಟೆಯಿಂದ ತಲೆ ಎತ್ತಿ, "ಎಲ್ಲೈತೆ?" ಎಂದ, ತಮಾಷೆಗೆ. ಅವನ ಫೋನಿಗೂ ಈಗ ಮೆಸೇಜು ಬರುತ್ತಿತ್ತು. ಆದರೂ ಹೊರಡುವಾಗ ನನ್ನನ್ನೇ ಕೇಳುತ್ತಿದ್ದ. ನಾನು ಹೇಳಿದ ಮೇಲೆ ತನ್ನ ಫೋನು ತೆಗೆದು ನೋಡುತ್ತಿರಲಿಲ್ಲ. ಅದು ನನ್ನನ್ನು ಹೆಚ್ಚು ಸುಡುತ್ತಿತ್ತು.

ಡಿಸೆಂಬರಿನಲ್ಲಿ ಮತ್ತೆ ಶುರುವಾಯಿತು. ಇನ್ನೊಂದು ಹೊಸ ತಲೆಮಾರು ಬರುತ್ತದಂತೆ, ಅದರ ಫೋಟೋವಂತೆ, ಅಳತೆಯಂತೆ. "ನಮ್ದು ಡಬ್ಬದೊಳಗೇ ಮುದುಕ ಆಗ್ತಾ ಐತೆ ಅಕ್ಕ," ಎಂದು ನಕ್ಕ. "ಭಾನುವಾರ ತೆಗೆಯನ. ಎಡಗೈ ಸುಮಾರಾಗಿ ಬಂದೈತೆ. ಆದ್ರೆ ಕೂರ್ಸಕ್ಕೆ ಎರಡು ಕೈ ಬೇಕು. ನೀ ಬೇಕು."

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರನ್ನು ಚಾಪೆಯ ಮೇಲೆ ಮಲಗಿಸಿದೆವು. ಅವನು ಗಾಜು ತೆಗೆದು, ರಟ್ಟನ್ನು ಹೊರಗೆಳೆದು ನನಗೆ ಕೊಟ್ಟ. "ಒಲೆಗೆ ಹಾಕು." ನಾನು ಅದನ್ನು ಪಕ್ಕದಲ್ಲಿಟ್ಟೆ. ಡಬ್ಬದಿಂದ ಕಾರ್ಡು ತೆಗೆದಾಗ ಅವನು ಉಸಿರು ಹಿಡಿದಿದ್ದ. ರಟ್ಟಿನ ಅಳತೆಗೂ ಅದಕ್ಕೂ ಒಂದು ಬೆರಳೂ ವ್ಯತ್ಯಾಸವಿರಲಿಲ್ಲ.

"ಎರಡೂ ಕೈಲಿ ಹಿಡಿ. ಹಿಂದ್ಲು ತುದಿ ಮೊದ್ಲು. ಸೀದಾ. ಮೇಲಿಂದ ಒತ್ತು, ಟಕ್ ಅನ್ಬೇಕು."

ಹಿಡಿದೆ. ಅವನ ಬಲಗೈ ನನ್ನ ಕೈಯ ಪಕ್ಕದಲ್ಲೇ ಚಾಪೆಯ ಮೇಲಿತ್ತು. ಮೂರು ಬೆರಳು ನೆಟ್ಟಗೆ. ನನಗೆ ಒತ್ತಲು ಆಗಲಿಲ್ಲ.

"ಒತ್ತಕ್ಕ, ಹೆದ್ರಬೇಡ. ಮುರಿಯಲ್ಲ."

"ಅವತ್ತು ಮೆಸೇಜು ತಡ ಆಗಿರ್ಲಿಲ್ಲ ಕಣೋ," ಎಂದೆ. "ನೀ ಕೇಳೋಕ್ ಮುಂಚೆನೇ ಬಂದಿತ್ತು. ನಾನು ನೋಡಿರ್ಲಿಲ್ಲ. ನೋಡಿರ್ಲಿಲ್ಲ, ಆದ್ರೂ ಇಲ್ಲ ಅಂದ್ಬುಟ್ಟೆ."

ನಾನು ತಲೆ ಎತ್ತಲಿಲ್ಲ. ಕಾರ್ಡು ನನ್ನ ಕೈಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ನಿಂತಿತ್ತು. ಹೊರಗೆ ಕಣದಲ್ಲಿ ಕೋಳಿ ಕೆದಕುತ್ತಿದ್ದದ್ದು ಕೇಳುತ್ತಿತ್ತು.

"ಸದ್ದು ಕೇಳ್ಸಿತ್ತಾ?" ಎಂದ ಕೊನೆಗೆ.

"ಕೇಳ್ಸಿತ್ತು."

ಅವನು ಕಾರ್ಡಿನ ತುದಿಯನ್ನು ಎಡಗೈಯಲ್ಲಿ ಮುಟ್ಟಿ ನೋಡಿದ. ಆಮೇಲೆ, ಮಿಷನ್ನಿನ ಕೆಲಸದಲ್ಲಿ ಜೊತೆಯವನಿಗೆ ಹೇಳುವ ದನಿಯಲ್ಲಿ, "ಒತ್ತು. ಇನ್ನೂ ಕೂತಿಲ್ಲ," ಎಂದ.

ಒತ್ತಿದೆ. ಟಕ್ ಎಂದಿತು. ಅವನು ಎಡಗೈಯಲ್ಲಿ ಕಾಫಿ ಮರದ ಗೂಟವನ್ನು ಕೆಳಗೆ ಕೊಟ್ಟು, ಜೋತುಬೀಳದಂತೆ ನಿಲ್ಲಿಸಿದ. ತಂತಿ ಹಾಕಿಸಿದ, ಗಾಜು ಮುಚ್ಚಿಸಿದ. ಸ್ವಿಚ್ ಹಾಕಿದಾಗ ಮೂರು ಫ್ಯಾನೂ ತಿರುಗಿದವು. ಆಟ ತೆರೆದು ಆ ಕಾಡಿಗೆ ಹೋದ. ಎಲೆಗಳ ನಡುವಿನಿಂದ ಬಿಸಿಲು ನೆಲಕ್ಕೆ ಚೂರು ಚೂರಾಗಿ ಬಿದ್ದಿತ್ತು, ಗಾಳಿಗೆ ಅಲುಗಾಡುತ್ತಿತ್ತು. ನಮ್ಮ ತೋಟದಲ್ಲಿ ಬೀಳುವ ಹಾಗೇ ಇತ್ತು. ದಾರಿ ಮುಂದೆ ಒಂದು ತಿರುವಿನ ಕಡೆ ಹೋಗುತ್ತಿತ್ತು. ಅವನು ಮೌಸ್ ಮುಟ್ಟದೆ, ಆಟದೊಳಗೆ ಅಲ್ಲೇ ನಿಂತುಕೊಂಡಿದ್ದ.

"ಚೆನ್ನಾಗೈತಾ?" ಎಂದ.

"ಐತೆ," ಎಂದೆ.

ಅವನು ನನ್ನನ್ನು ಬೈಯಲಿಲ್ಲ. ಮಾತು ಬಿಡಲಿಲ್ಲ. ರಾತ್ರಿ ಊಟಕ್ಕೆ ಜೊತೆಯಲ್ಲೇ ಕೂತ, ಉಪ್ಪು ಕಡಿಮೆಯಾಗಿದೆ ಎಂದ. ಮರುದಿನ ಬೆಳಗ್ಗೆ ಅವನನ್ನು ಕೆಲಸಕ್ಕೆ ಕರೆದೊಯ್ಯುವ ಜೀಪು ಕೆಳಗಿನ ರಸ್ತೆಯಲ್ಲಿ ಹಾರ್ನ್ ಹೊಡೆಯಿತು. ನಾನು ಮೋಟುಗೋಡೆಯ ಹತ್ತಿರ ಫೋನು ಹಿಡಿದು, ಓದಿ ಮುಗಿಸಿ, ಕಾದು ನಿಂತಿದ್ದೆ. ಅವನು ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋದ. ಅಲ್ಲಿ ನಿಂತ. ಎಡಗೈಯಲ್ಲಿ ತನ್ನ ಫೋನು ತೆಗೆದು, ನೋಡಿ, ಮತ್ತೆ ಜೇಬಿಗೆ ಹಾಕಿಕೊಂಡು, "ಬರ್ತೀನಿ ಅಕ್ಕ," ಎಂದು ಇಳಿದು ಹೋದ.

ಅಂದಿನಿಂದ ಅವನು ನನ್ನನ್ನು ಕೇಳುವುದಿಲ್ಲ. ನಾನೂ ಯಾಕೆ ಕೇಳುವುದಿಲ್ಲ ಎಂದು ಕೇಳಿಲ್ಲ. ರಟ್ಟನ್ನು ಒಲೆಗೆ ಹಾಕಲು ಮನಸ್ಸಾಗಲಿಲ್ಲ, ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೇನೆ. ಬೆಳಗ್ಗೆ ಟಿಂಗ್ ಎಂದ ತಕ್ಷಣ ಹಲಗೆ ಕೆಳಗಿಟ್ಟು ಹೋಗುತ್ತೇನೆ. ಅಕ್ಷರ ಕೂಡಿಸಿಕೊಂಡು, ಎಲ್ಲಿದೆ, ಯಾರ ತೋಟದಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂದು ಗೇಟಿಗೆ ಕೇಳಿಸುವಷ್ಟು ಜೋರಾಗಿ ಓದುತ್ತೇನೆ. ಅವನು ಗೇಟಿನಲ್ಲಿ ತನ್ನ ಫೋನನ್ನೇ ನೋಡುತ್ತಾ, ನಾನು ಓದಿ ಮುಗಿಸುವವರೆಗೆ ನಿಂತಿದ್ದು ಹೋಗುತ್ತಾನೆ.